ಇಂಗ್ಲೆಂಡಿನ ಹಳೆಯ ಹಳ್ಳಿ ಚರ್ಚನ್ನು ನೋಡುವುದು ಹೇಗೆ?

ಪೂರ್ವ ಇಂಗ್ಲೆಂಡಿನ ನಾರ್ಫೋಕ್, ಸಫೋಕ್ ಕಡೆ ಊರಿಂದೂರಿಗೆ ಹೊರಟರೆ ಒಂದು ಚರ್ಚಿನ ಗೋಪುರ ಮರೆಯಾಗುವ ಮೊದಲೇ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಬಹುಪಾಲು ಮಧ್ಯಯುಗದವು. ಅಲ್ಲಿ ನೆಲೆಸಿರುವ ನಮ್ಮವರೂ ಊರಿನಿಂದ ನೋಡಲು ಬರುವ ಅಪ್ಪ ಅಮ್ಮಂದಿರೂ ಲಂಡನ್ನಿನ ದೊಡ್ಡ ಕೆಥೀಡ್ರಲ್‌ಗಳಿಗೆ ಟಿಕೆಟ್ ಕೊಂಡು ಹೋಗುತ್ತಾರೆ. ಮನೆಯ ಹತ್ತಿರದಲ್ಲೇ ದುಡ್ಡಿಲ್ಲದೆ ನೋಡಬಹುದಾದ, ಎಂಟುನೂರು ವರ್ಷಗಳ ಹಳ್ಳಿ ಚರ್ಚಿನ ಮುಂದೆ ಮಾತ್ರ ಕಾರು ನಿಲ್ಲಿಸುವುದಿಲ್ಲ. ಒಳಗೆ ಹೋದವರು ಕೂಡ ಬಣ್ಣದ ಗಾಜಿನ ಒಂದೆರಡು ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಹೊರಬರುತ್ತಾರೆ. ಏನನ್ನು ನೋಡಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಈ ಬರಹ.

ಬಾಗಿಲ ಬಳಿಯ ಫಲಕ ‘12ನೇ ಶತಮಾನದ ಚರ್ಚು’ ಎಂದರೆ ಅದನ್ನು ಪೂರ್ತಿ ನಂಬಬೇಡಿ. ಇಡೀ ಕಟ್ಟಡ ಒಂದೇ ಕಾಲದ್ದಾಗಿರುವ ಹಳ್ಳಿ ಚರ್ಚು ಬಹಳ ಅಪರೂಪ. ಅಜ್ಜ ಕಟ್ಟಿಸಿದ ಮನೆಗೆ ಮಗ ಒಂದು ಪಡಸಾಲೆ, ಮೊಮ್ಮಗ ಒಂದು ಮಹಡಿ ಸೇರಿಸುವ ಹಾಗೆ ಇವೂ ತಲೆಮಾರಿನಿಂದ ತಲೆಮಾರಿಗೆ ಬೆಳೆದಂಥವು. ಆದ್ದರಿಂದ ‘ಇದು ಯಾವ ಶೈಲಿ’ ಎಂದು ಕೇಳುವ ಬದಲು ‘ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಹಣ ಕೊಟ್ಟವರು ಯಾರು’ ಎಂದು ಕೇಳಿ. ಇಷ್ಟನ್ನು ತಲೆಯಲ್ಲಿಟ್ಟುಕೊಂಡರೆ ಗೋಡೆಗಳು ತಾವೇ ಉತ್ತರ ಕೊಡತೊಡಗುತ್ತವೆ.

ಹೊರಡುವ ಮುನ್ನ

ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ನಡುವೆ ಹೋಗುವುದು ಒಳ್ಳೆಯದು. ಭಾನುವಾರ ಬೆಳಿಗ್ಗೆ ಆರಾಧನೆ ಇರುತ್ತದೆ. ಅದರಲ್ಲಿ ಕೂರಲು ಯಾರ ಅಡ್ಡಿಯೂ ಇಲ್ಲ, ಆದರೆ ಆಗ ಗೋಡೆ ನೋಡುತ್ತ ಓಡಾಡುವುದು ಸಲ್ಲದು. ಬೀಗ ಹಾಕಿದ್ದರೆ ಬಾಗಿಲ ಬಳಿಯ ಸೂಚನಾಫಲಕ ನೋಡಿ, ಕೀಲಿ ಯಾರ ಬಳಿ ಸಿಗುತ್ತದೆಂದು ಹಲವು ಕಡೆ ಬರೆದಿರುತ್ತದೆ. ಬಾಗಿಲ ಮೇಲಿನ ದಪ್ಪ ಕಬ್ಬಿಣದ ಬಳೆ ಅಲಂಕಾರಕ್ಕಿರುವುದಲ್ಲ, ಅದನ್ನು ತಿರುಗಿಸಿದರೆ ಒಳಗಿನ ಅಗುಳಿ ಮೇಲೇಳುತ್ತದೆ. ಹೊರಗೆ ತಂತಿಬಲೆಯ ಇನ್ನೊಂದು ಬಾಗಿಲಿದ್ದರೆ ಮರೆಯದೆ ಮುಚ್ಚಿ. ಒಳಗೆ ಸಿಕ್ಕಿಬಿದ್ದ ಹಕ್ಕಿ ಹೊರಬರಲಾರದೆ ಸಾಯುತ್ತದೆ. ಒಂದು ಟಾರ್ಚು ಮತ್ತು ಸಣ್ಣ ದುರ್ಬೀನು ಜೊತೆಗಿರಲಿ. ಆರಾಧನೆ ನಿಂತುಹೋದ 350ಕ್ಕೂ ಹೆಚ್ಚು ಚರ್ಚುಗಳನ್ನು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. 19ನೇ ಶತಮಾನದಲ್ಲಿ, ವಿಕ್ಟೋರಿಯಾ ರಾಣಿಯ ಕಾಲದವರು ಜೀರ್ಣೋದ್ಧಾರದ ಹೆಸರಿನಲ್ಲಿ ಹೆಚ್ಚು ಬದಲಿಸದ ಒಳಾಂಗಣಗಳು ಅಲ್ಲಿ ಸಿಗುವುದುಂಟು.

ಮೊದಲ ಹೆಜ್ಜೆ: ದಿಕ್ಕು ಗುರುತಿಸಿ

ಬಲಿಪೀಠ ಇರುವುದು ಪೂರ್ವದ ತುದಿಯಲ್ಲಿ. ಪಶ್ಚಿಮಕ್ಕೆ ಬೆನ್ನು ಮಾಡಿ ನಿಂತರೆ ಎಡಗೈ ಉತ್ತರ, ಬಲಗೈ ದಕ್ಷಿಣ. ಜನ ಸೇರುವ ದೊಡ್ಡ ಅಂಗಣಕ್ಕೆ ನೇವ್ ಎನ್ನುತ್ತಾರೆ. ಅದರ ಪೂರ್ವಕ್ಕೆ ಅಂಟಿಕೊಂಡ, ಸಾಮಾನ್ಯವಾಗಿ ಕಿರಿದೂ ತಗ್ಗೂ ಆದ ಭಾಗ ಚಾನ್ಸೆಲ್, ಅದು ಪಾದ್ರಿಯ ಜಾಗ. ನೇವ್‌ನ ಪಕ್ಕಗಳಲ್ಲಿ ಕಂಬಸಾಲಿನಾಚೆ ಇರುವ ಉದ್ದನೆಯ ಪಡಸಾಲೆಗಳು ಐಲ್‌ಗಳು. ಗೋಪುರ ಹೆಚ್ಚಾಗಿ ಪಶ್ಚಿಮದಲ್ಲಿ, ಮುಖಮಂಟಪ ಹೆಚ್ಚಾಗಿ ದಕ್ಷಿಣದಲ್ಲಿ.

ಈ ವಿಂಗಡಣೆಯ ಹಿಂದೆ ಹಣದ ಲೆಕ್ಕವೂ ಇದೆ. 13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಕಟ್ಟಳೆ ನೆಲೆಗೊಂಡಿತ್ತು. ಊರಿನ ಫಸಲಿನಲ್ಲಿ ಹತ್ತನೇ ಒಂದು ಪಾಲನ್ನು ಪಡೆಯುವ ರೆಕ್ಟರ್ ಚಾನ್ಸೆಲ್ಲಿನ ಖರ್ಚು ನೋಡಬೇಕು, ನೇವ್‌ನ ಹೊಣೆ ಊರ ಜನರದ್ದು. ಹಾಗಾಗಿ ಒಂದೇ ಚರ್ಚಿನ ಎರಡು ಭಾಗಗಳಲ್ಲಿ ಸಿರಿತನದ ಅಂತರ ಎದ್ದು ಕಾಣುತ್ತದೆ. ಲಿಂಕನ್‌ಶೈರಿನ ಹೆಕಿಂಗ್ಟನ್ ಹಳ್ಳಿಯ ಚಾನ್ಸೆಲ್ ಒಳಗೆ ಹೋದರೆ ಅಂಥ ಕೆತ್ತನೆ ಒಂದು ಹಳ್ಳಿಗೆ ಬಂದದ್ದಾದರೂ ಹೇಗೆ ಎನಿಸುತ್ತದೆ. 14ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದ ರಿಚರ್ಡ್ ಡಿ ಪಾಟ್ಸ್‌ಗ್ರೇವ್ ಅರಮನೆಯಲ್ಲಿ ದೊರೆಯ ಪಾದ್ರಿಯಾಗಿದ್ದವನು.

ಎರಡನೇ ಹೆಜ್ಜೆ: ಒಳಗೆ ಹೋಗಬೇಡಿ, ಹೊರಗೆ ಸುತ್ತು ಹಾಕಿ

ಹೊಸಬರು ಮಾಡದ, ತಪ್ಪದೆ ಮಾಡಬೇಕಾದ ಕೆಲಸ ಇದು. ಒಳಗೋಡೆಯ ಗಾರೆ ಎಷ್ಟೋ ಗುಟ್ಟುಗಳನ್ನು ಮುಚ್ಚಿಬಿಡುತ್ತದೆ, ಹೊರಗೋಡೆಯ ಕಲ್ಲು ಮುಚ್ಚುವುದಿಲ್ಲ.

ಮೊದಲು ಕಲ್ಲನ್ನೇ ನೋಡಿ. ಡಾರ್ಸೆಟ್‌ನಿಂದ ಕಾಟ್ಸ್‌ವೋಲ್ಡ್ಸ್, ನಾರ್ತ್‌ಹ್ಯಾಂಪ್ಟನ್‌ಶೈರ್ ಮೂಲಕ ಲಿಂಕನ್‌ಶೈರಿನವರೆಗೆ ಒಳ್ಳೆಯ ಸುಣ್ಣಕಲ್ಲಿನ ಪಟ್ಟಿ ಹರಡಿದೆ. ಅಲ್ಲಿನ ಚರ್ಚುಗಳಲ್ಲಿ ಕೆತ್ತನೆ ನಯವಾಗಿದೆ, ಮೊನಚು ಶಿಖರಗಳು ಹೆಚ್ಚು. ನಾರ್ಫೋಕ್, ಸಫೋಕ್‌ಗಳಲ್ಲಿ ಸಿಗುವುದು ಚಕಮಕಿ ಕಲ್ಲು. ಅದನ್ನು ಕೆತ್ತಲಾಗದು, ಒಡೆಯಬಹುದು ಅಷ್ಟೇ. ಮೂಲೆ ಕಟ್ಟಲು ಬೇಕಾದ ಚೌಕಗಲ್ಲು ದೂರದಿಂದ ಬರಬೇಕು. ನಾರ್ಫೋಕಿನಲ್ಲಿ ನೂರಕ್ಕೂ ಹೆಚ್ಚು ದುಂಡು ಗೋಪುರಗಳಿರುವುದಕ್ಕೆ ಜನ ಕೊಡುವ ಕಾರಣ ಇದೇ: ದುಂಡಾಗಿ ಕಟ್ಟಿದರೆ ಮೂಲೆಯೇ ಬೇಡ. ವಿದ್ವಾಂಸರಲ್ಲಿ ಇದನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಅದೇ ಚಕಮಕಿ ಕಲ್ಲನ್ನು ಒಡೆದು, ಹೊಳೆಯುವ ಕಪ್ಪು ಮುಖವನ್ನು ಹೊರಕ್ಕೆ ಮಾಡಿ, ಬಿಳಿ ಕಲ್ಲಿನ ನಡುವೆ ಕೂರಿಸಿ ಮಾಡಿದ ಚಿತ್ತಾರ ಮಾತ್ರ ಆ ಸೀಮೆಗೇ ಮೀಸಲಾದ ಸೊಗಸು.

ಆಮೇಲೆ ಸೇರುಗೆರೆಗಳನ್ನು ಹುಡುಕಿ. ಗೋಡೆಯ ನಡುವೆ ಮೇಲಿನಿಂದ ಕೆಳಕ್ಕೆ ನೇರವಾದ ಬಿರುಕಿನಂಥ ಗೆರೆ ಕಂಡರೆ ಅಲ್ಲಿ ಹಳೆಯ ಕಟ್ಟಡ ಮುಗಿದು ಹೊಸದು ಶುರುವಾಗಿದೆ. ನಡುಗೋಡೆಯಲ್ಲಿ ದೊಡ್ಡ ಮೂಲೆಗಲ್ಲುಗಳು ಒಂದರ ಮೇಲೊಂದು ನಿಂತಿದ್ದರೆ ಒಂದು ಕಾಲಕ್ಕೆ ಕಟ್ಟಡದ ಮೂಲೆ ಅಲ್ಲೇ ಇತ್ತು. ಉದ್ದಕ್ಕೆ ನಿಲ್ಲಿಸಿದ ಕಲ್ಲು, ಅಡ್ಡ ಮಲಗಿಸಿದ ಕಲ್ಲು, ಮತ್ತೆ ನಿಲ್ಲಿಸಿದ ಕಲ್ಲು ಎಂಬ ಸರದಿಯಲ್ಲಿ ಮೂಲೆ ಕಟ್ಟಿದ್ದರೆ ಬಹುಮಟ್ಟಿಗೆ ಅದು 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುದಕ್ಕೂ ಹಿಂದಿನ, ಅಲ್ಲಿ ನೆಲೆಸಿದ್ದ ಸ್ಯಾಕ್ಸನ್ನರ ರೂಢಿಯ ಕೆಲಸ. ನಾರ್ತ್‌ಹ್ಯಾಂಪ್ಟನ್‌ಶೈರಿನ ಅರ್ಲ್ಸ್ ಬಾರ್ಟನ್ ಗೋಪುರದಲ್ಲಿ ಇದು ಕನ್ನಡಿಯಷ್ಟು ಸ್ಪಷ್ಟ. 10ನೇ ಶತಮಾನದ ಕೊನೆಯ ಆ ಗೋಪುರದ ಮೈತುಂಬ ಮರದ ಚೌಕಟ್ಟನ್ನು ಅನುಕರಿಸಿದಂಥ ಕಲ್ಲಿನ ಪಟ್ಟಿಗಳಿವೆ. ಅದೇ ಕೌಂಟಿಯ ಬ್ರಿಕ್ಸ್‌ವರ್ತ್‌ನಲ್ಲಿ ಸ್ಯಾಕ್ಸನ್ನರು ರೋಮನ್ನರ ಇಟ್ಟಿಗೆಗಳನ್ನೇ ಆಯ್ದು ತಂದು ಕಮಾನು ಕಟ್ಟಿದ್ದಾರೆ.

ಗೋಪುರದ ಪೂರ್ವ ಮುಖವನ್ನೂ ಬಿಡಬೇಡಿ. ಈಗಿನ ಚಾವಣಿಗಿಂತ ಮೇಲೆ ತಲೆಕೆಳಗಾದ ‘ವಿ’ ಆಕಾರದ ಗುರುತು ಇದ್ದರೆ ಹಿಂದಿನ ಕಡಿದಾದ ಸೂರು ಅಲ್ಲಿಗೆ ಬಂದು ತಾಗುತ್ತಿತ್ತು. ಆ ಗುರುತು ಈಗಿನ ಚಾವಣಿಯ ಕೆಳಗೆ, ಚರ್ಚಿನ ಒಳಗಡೆ ಕಂಡರೆ ನೇವ್‌ನ ಗೋಡೆಗಳನ್ನು ಎತ್ತರಿಸಿದ್ದಾರೆ ಎಂದರ್ಥ.

ಮೂರನೇ ಹೆಜ್ಜೆ: ಕಿಟಕಿಗಳು

ಕಾಲ ಗುರುತಿಸಲು ಕಿಟಕಿಗಿಂತ ಸುಲಭದ ಸಾಧನವಿಲ್ಲ. ಶೈಲಿಗಳ ಈಗಿನ ಹೆಸರುಗಳನ್ನು ಬಳಕೆಗೆ ತಂದವನು ಥಾಮಸ್ ರಿಕ್ಮನ್, 1817ರಲ್ಲಿ. ಇಸವಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಹಿಂದುಮುಂದಾದರೂ ಕ್ರಮ ಬದಲಾಗುವುದಿಲ್ಲ.

ಗೋಡೆಯ ದಪ್ಪದಲ್ಲಿ ಹುದುಗಿದ, ಅರ್ಧವೃತ್ತದ ತಲೆಯ ಸಣ್ಣ ಕಿಂಡಿ ಕಂಡರೆ ಅದು ನಾರ್ಮನ್ ಅಥವಾ ಅದಕ್ಕೂ ಹಿಂದಿನದು. ಹೊರಗೆ ಕೈ ತೂರುವಷ್ಟೇ ಇದ್ದರೂ ಒಳಗೆ ಬೆಳಕು ಹರಡಲೆಂದು ಅಗಲವಾಗಿ ತೆರೆದುಕೊಂಡಿರುತ್ತದೆ. ಸುಮಾರು 1190ರ ನಂತರ ತಲೆ ಚೂಪಾಗುತ್ತದೆ. ಉದ್ದನೆಯ, ಕಿರಿದಾದ, ಈಟಿಯ ಅಲಗಿನಂಥ ಲ್ಯಾನ್ಸೆಟ್ ಕಿಟಕಿಗಳು ಒಂಟಿಯಾಗಿಯೋ ಮೂರರ ಗುಂಪಾಗಿಯೋ ನಿಲ್ಲುತ್ತವೆ. ಇದು ಅರ್ಲಿ ಇಂಗ್ಲಿಷ್. ಎರಡು ಲ್ಯಾನ್ಸೆಟ್‌ಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಕಮಾನಿನಡಿ ತಂದಾಗ ನಡುವೆ ಮೇಲೆ ಖಾಲಿ ಕಲ್ಲು ಉಳಿಯಿತು. ಅದನ್ನು ಕೊರೆದು ಒಂದು ದುಂಡು ಮಾಡಿದರು. ಆಮೇಲೆ ಆ ಕಲ್ಲನ್ನೇ ತೆಳ್ಳಗಿನ ಸರಳುಗಳಾಗಿಸಿ ವೃತ್ತಗಳನ್ನು ಹೆಣೆದರು. ಟ್ರೇಸರಿ ಎಂಬ ಕಲ್ಲಿನ ಜಾಲ ಹುಟ್ಟಿದ್ದು ಹೀಗೆ. ಹಳ್ಳಿಯ ಕಲ್ಲುಕುಟಿಗರು ಅಷ್ಟು ತೆಳು ಸರಳುಗಳ ಮೇಲೆ ಗಾಜನ್ನೂ ಗಾಳಿಯ ಹೊಡೆತವನ್ನೂ ನಿಲ್ಲಿಸಿದ ಬಗೆಯನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

1300ರ ಆಸುಪಾಸಿನಲ್ಲಿ ವೃತ್ತಗಳು ಕರಗಿ, ಒಳಕ್ಕೂ ಹೊರಕ್ಕೂ ಬಳುಕುವ ಗೆರೆಗಳು ಬರುತ್ತವೆ. ಎಲೆಯ ನರಗಳಂತೆ, ಜ್ವಾಲೆಯಂತೆ ಹರಿಯುವ ಈ ಜಾಲ ಡೆಕೊರೇಟೆಡ್ ಶೈಲಿಯದು. ಇದನ್ನು ನೋಡಲು ಹೆಕಿಂಗ್ಟನ್‌ಗೋ ಯಾರ್ಕ್‌ಶೈರಿನ ಪ್ಯಾಟ್ರಿಂಗ್ಟನ್‌ಗೋ ಹೋಗಿ. ಅದಾದ ಮೇಲೆ ಬಳುಕು ನಿಂತುಹೋಗುತ್ತದೆ. ಕೆಳಗಿನಿಂದ ಎದ್ದ ಕಲ್ಲಿನ ಸರಳುಗಳು ಕಮಾನಿನ ತಲೆಯವರೆಗೂ ನೆಟ್ಟಗೆ ಹೋಗಿ ಮುಟ್ಟುತ್ತವೆ, ಅಡ್ಡಪಟ್ಟಿಗಳು ಅವನ್ನು ಚೌಕಗಳಾಗಿ ಕತ್ತರಿಸುತ್ತವೆ, ಕಮಾನು ಚಪ್ಪಟೆಯಾಗುತ್ತದೆ, ಗೋಡೆಯೇ ಗಾಜಾಗುತ್ತದೆ. ಇದು ಪರ್ಪೆಂಡಿಕ್ಯುಲರ್, ಸುಮಾರು 1350ರಿಂದ 1540ರವರೆಗೆ.

1348-49ರ ಮಹಾಮಾರಿಯಲ್ಲಿ ಕುಶಲಕರ್ಮಿಗಳು ಸತ್ತದ್ದರಿಂದ ಸರಳವಾದ ಪರ್ಪೆಂಡಿಕ್ಯುಲರ್ ಹುಟ್ಟಿತು ಎಂದು ಹೇಳುವವರು ಸಿಗುತ್ತಾರೆ. ಅದು ಸರಿಯಲ್ಲ. ಗ್ಲಾಸ್ಟರ್‌ನ ಮಠದ ಚರ್ಚಿನಲ್ಲಿ 1330ರ ದಶಕದಲ್ಲೇ, ಅಂದರೆ ಪ್ಲೇಗಿಗೂ ಮುಂಚೆಯೇ, ಈ ಶೈಲಿಯ ಕೆಲಸ ನಡೆದಿತ್ತು. ಪ್ಲೇಗು ಶೈಲಿಯನ್ನು ಹುಟ್ಟಿಸಲಿಲ್ಲ. ಹಲವು ಕಟ್ಟಡಗಳ ಕೆಲಸವನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಿತು.

ಎಚ್ಚರಿಕೆಯ ಒಂದು ಮಾತು: ಕಿಟಕಿಯ ಕಾಲ ಗೋಡೆಯ ಕಾಲವಲ್ಲ. ಬೆಳಕಿಗಾಗಿ ಹಳೆಯ ಗೋಡೆ ಒಡೆದು ಹೊಸ ಕಿಟಕಿ ಕೂರಿಸುವುದು ಸರ್ವೇಸಾಮಾನ್ಯವಾಗಿತ್ತು. ಕಿಟಕಿಯ ಸುತ್ತ ಕಲ್ಲಿನ ಸಾಲುಗಳು ಕದಡಿವೆಯೇ, ಚೂರುಗಲ್ಲು ತುಂಬಿದ್ದಾರೆಯೇ ನೋಡಿ. ಪಕ್ಕದಲ್ಲೇ ಮುಚ್ಚಿಹೋದ ಅರ್ಧವೃತ್ತದ ಕಿಂಡಿಯೊಂದರ ತುಣುಕು ಉಳಿದಿದ್ದರೆ ಆ ಗೋಡೆಯ ನಿಜವಾದ ವಯಸ್ಸು ಅದು.

ನಾಲ್ಕನೇ ಹೆಜ್ಜೆ: ಮುಖಮಂಟಪದಲ್ಲಿ ನಿಲ್ಲಿ

ಮದುವೆಯ ವಿಧಿಗಳು ಶುರುವಾಗುತ್ತಿದ್ದದ್ದು ಈ ಮಂಟಪದಲ್ಲೇ. ವ್ಯವಹಾರದ ಮಾತುಕತೆಗೂ ಇದು ಸಾಕ್ಷಿಯ ಜಾಗ. ದಕ್ಷಿಣ ಗೋಡೆಯಲ್ಲಿ, ಬಾಗಿಲ ಅಕ್ಕಪಕ್ಕದ ಕಲ್ಲುಗಳಲ್ಲಿ ಒಂದು ತೂತು, ಅದರಿಂದ ಕೆಳಕ್ಕೆ ಬೀಸಣಿಗೆಯಂತೆ ಹರಡಿದ ಗೀರುಗಳು ಕಾಣುತ್ತವೆಯೇ ಹುಡುಕಿ. ತೂತಿಗೆ ಕಡ್ಡಿ ಸಿಕ್ಕಿಸಿ, ಅದರ ನೆರಳಿನಿಂದ ಬಲಿಪೂಜೆಯ ಹೊತ್ತನ್ನು ತಿಳಿಯುತ್ತಿದ್ದರು. ಅಂಥ ಕಲ್ಲು ಮಂಟಪದ ಒಳಗೆ ಬಿಸಿಲೇ ಬೀಳದ ಜಾಗದಲ್ಲಿದ್ದರೆ, ಮಂಟಪ ಆಮೇಲೆ ಬಂದದ್ದು ಅಥವಾ ಆ ಕಲ್ಲನ್ನು ಬೇರೆಡೆಯಿಂದ ತಂದು ಕೂರಿಸಿದ್ದು.

ಒಳಬಾಗಿಲನ್ನು ನಿಧಾನವಾಗಿ ನೋಡಿ. ಇಡೀ ಚರ್ಚನ್ನು ಕೆಡವಿ ಕಟ್ಟಿದಾಗಲೂ ನಾರ್ಮನ್ನರ ಬಾಗಿಲನ್ನು ಪ್ರೀತಿಯಿಂದ ಉಳಿಸಿಕೊಂಡ ಊರುಗಳು ಎಷ್ಟೋ ಇವೆ. ಅರ್ಧವೃತ್ತದ ಕಮಾನು, ಅದರ ಮೇಲೆ ಗರಗಸದ ಹಲ್ಲಿನಂಥ ಅಂಕುಡೊಂಕು ಪಟ್ಟಿ, ಕೆಲವೆಡೆ ಕೊಕ್ಕು ಚಾಚಿದ ತಲೆಗಳು. ಹೆರೆಫರ್ಡ್‌ಶೈರಿನ ಕಿಲ್ಪೆಕ್ ಎಂಬ ಪುಟ್ಟ ಊರಿನಲ್ಲಿ ಸುಮಾರು 1140ರ ಕೆಂಪು ಮರಳುಗಲ್ಲಿನ ಬಾಗಿಲಿದೆ. ಬಳ್ಳಿ, ಹಾವು, ಯೋಧರು ಒಬ್ಬರಿಗೊಬ್ಬರು ಹೆಣೆದುಕೊಂಡಿದ್ದಾರೆ. ಚಾವಣಿಯಂಚಿನ ಕೆಳಗೆ ಇಡೀ ಚರ್ಚನ್ನು ಸುತ್ತಿಕೊಂಡು ಎಂಬತ್ತಕ್ಕೂ ಹೆಚ್ಚು ಕೆತ್ತಿದ ತಲೆಗಳು: ನಾಯಿ, ಮೊಲ, ಪಿಟೀಲಿನಂಥ ವಾದ್ಯ ನುಡಿಸುವವ, ತನ್ನ ಯೋನಿಯನ್ನು ತೆರೆದು ತೋರುವ ಹೆಣ್ಣು. ಒಂಬೈನೂರು ವರ್ಷದ ಮಳೆಗಾಳಿಯಲ್ಲಿ ಅವು ಇಷ್ಟು ಚೂಪಾಗಿ ಉಳಿದಿರುವುದೇ ಅಚ್ಚರಿ. ಒಂದೇ ಒಂದು ನಾರ್ಮನ್ ಚರ್ಚು ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವ ಹೆಸರು ಇದು.

ಐದನೇ ಹೆಜ್ಜೆ: ಕಂಬಗಳ ಎರಡು ಸಾಲು

ಒಳಗೆ ಬಂದೊಡನೆ ಬಲಿಪೀಠದ ಕಡೆ ನಡೆಯಬೇಡಿ. ನೇವ್‌ನ ಪಶ್ಚಿಮ ತುದಿಯಲ್ಲಿ ನಿಂತು ಎಡಬಲದ ಕಂಬಸಾಲುಗಳನ್ನು ಹೋಲಿಸಿ. ಬಹಳಷ್ಟು ಕಡೆ ಎರಡೂ ಒಂದೇ ತರಹ ಇರುವುದಿಲ್ಲ. ಒಂದು ಕಡೆ ದಪ್ಪ ದುಂಡು ಕಂಬ, ಅದರ ಮೇಲೆ ಅರ್ಧವೃತ್ತದ ಕಮಾನು. ಇನ್ನೊಂದು ಕಡೆ ತೆಳ್ಳನೆಯ ಎಂಟುಮುಖದ ಕಂಬ, ಚೂಪು ಕಮಾನು. ಊರಿನ ಜನ ಹೆಚ್ಚಿದಂತೆ ಒಂದು ಐಲ್ ಕಟ್ಟಿದರು, ಐವತ್ತೋ ನೂರೋ ವರ್ಷ ಕಳೆದು ಇನ್ನೊಂದನ್ನು ಕಟ್ಟಿದರು.

ಇದನ್ನು ಕಟ್ಟಿದ ಬಗೆ ಸ್ವಾರಸ್ಯಕರ. ಹಳೆಯ ಗೋಡೆಯನ್ನು ಕೆಡವದೆ, ಅದರಲ್ಲೇ ತೂತು ಕೊರೆದು ಒಂದೊಂದೇ ಕಂಬ ಕಮಾನು ಕೂರಿಸಿ, ಕೊನೆಗೆ ಕೆಳಗಿನ ಗೋಡೆಯನ್ನು ತೆಗೆದುಬಿಡುತ್ತಿದ್ದರು. ಆದ್ದರಿಂದ ಕಮಾನಿನ ಕೆಳಗಿನದು 13ನೇ ಶತಮಾನದ್ದಾದರೂ ಮೇಲಿನ ಗೋಡೆ 11ನೆಯದಾಗಿರಬಹುದು. ಕಮಾನುಗಳ ನಡುವೆ ಮೇಲುಗಡೆ ಟಾರ್ಚು ಹಾಕಿ. ಕಮಾನು ಕಡಿದುಹಾಕಿದ ಹಳೆಯ ಕಿಟಕಿಯ ಅರ್ಧ ತಲೆ ಅಲ್ಲಿ ಸಿಕ್ಕರೆ ಆ ಚರ್ಚಿನ ಇತಿಹಾಸದ ಅತಿ ಮುಖ್ಯ ಸಾಕ್ಷಿ ನಿಮ್ಮ ಕಣ್ಣಿಗೆ ಬಿದ್ದಂತೆ. ಅದಕ್ಕೂ ಮೇಲಿನ ಕಿಟಕಿಸಾಲು ಕ್ಲಿಯರ್‌ಸ್ಟೋರಿ. ಐಲ್‌ಗಳು ಬಂದು ಮಂಕಾದ ನೇವ್‌ಗೆ ಬೆಳಕು ತರಲು ಹೆಚ್ಚಾಗಿ 15ನೇ ಶತಮಾನದಲ್ಲಿ ಏರಿಸಿದ್ದು.

ಆರನೇ ಹೆಜ್ಜೆ: ಕಳೆದುಹೋದದ್ದನ್ನು ಹುಡುಕಿ

ನನ್ನ ಮಟ್ಟಿಗೆ ಹಳ್ಳಿ ಚರ್ಚಿನ ಜೀವಾಳ ಇಲ್ಲಿದೆ. ಈಗ ಬೆಳ್ಳಗೆ, ಶಾಂತವಾಗಿ ಕಾಣುವ ಈ ಜಾಗ ಐನೂರು ವರ್ಷದ ಹಿಂದೆ ಬಣ್ಣ, ಮೇಣದಬತ್ತಿ, ವಿಗ್ರಹಗಳಿಂದ ತುಂಬಿತ್ತು. ನೇವ್ ಮತ್ತು ಚಾನ್ಸೆಲ್ ನಡುವೆ ಕೆತ್ತಿದ ಮರದ ತಡಿಕೆ, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ದೊಡ್ಡ ಶಿಲುಬೆ. ಇಂಗ್ಲೆಂಡು ಪೋಪನ ಅಧಿಕಾರ ಬಿಟ್ಟು ಪ್ರಾಟೆಸ್ಟಂಟ್ ಆದ 16ನೇ ಶತಮಾನದ ಮತಸುಧಾರಣೆಯಲ್ಲಿ ಶಿಲುಬೆಗಳು ಇಳಿದವು. ಅಟ್ಟಗಳನ್ನು ಕೆಡವಲು 1561ರಲ್ಲಿ ಒಂದನೇ ಎಲಿಜಬೆತ್ ರಾಣಿಯ ಆಜ್ಞೆ ಹೊರಟಿತು. ಅಟ್ಟಕ್ಕೆ ಹತ್ತುತ್ತಿದ್ದ ಕಲ್ಲಿನ ಮೆಟ್ಟಿಲು ಮಾತ್ರ ಗೋಡೆಯೊಳಗೇ ಉಳಿಯಿತು. ಚಾನ್ಸೆಲ್ ಕಮಾನಿನ ಪಕ್ಕ, ತಲೆಗಿಂತ ಎಷ್ಟೋ ಮೇಲೆ, ಎಲ್ಲಿಗೂ ಹೋಗದ ಒಂದು ಪುಟ್ಟ ಬಾಗಿಲು ಕಂಡರೆ ಅದು ಇದೇ. ನಾರ್ಫೋಕಿನ ರ್‍ಯಾನ್‌ವರ್ತ್‌ನಲ್ಲಿ 15ನೇ ಶತಮಾನದ ತಡಿಕೆ ಸಂತರ ವರ್ಣಚಿತ್ರಗಳ ಸಮೇತ ಇಂದಿಗೂ ನಿಂತಿದೆ.

ಚಾನ್ಸೆಲ್ಲಿನ ದಕ್ಷಿಣ ಗೋಡೆಯಲ್ಲಿ ಬೋಗುಣಿಯಂಥ ತಳವೂ ನೀರು ಇಂಗುವ ತೂತೂ ಇರುವ ಗೂಡು ಇರುತ್ತದೆ. ಅದು ಪಿಸಿನಾ, ಬಲಿಪೂಜೆಯ ಪಾತ್ರೆ ತೊಳೆದ ನೀರನ್ನು ಪವಿತ್ರ ನೆಲಕ್ಕೇ ಬಿಡುವ ಏರ್ಪಾಡು. ಪಕ್ಕದ ಮೂರು ಕಲ್ಲಾಸನಗಳು ಪಾದ್ರಿಗಳಿಗೆ. ಇಲ್ಲೊಂದು ಉಪಾಯ ಹೇಳುತ್ತೇನೆ: ಪಿಸಿನಾ ಐಲ್‌ನ ತುದಿಯಲ್ಲೋ ಕಂಬದ ಬಳಿಯೋ ಕಂಡರೆ ಅಲ್ಲಿ ಇನ್ನೊಂದು ಬಲಿಪೀಠ ಇತ್ತೆಂದು ತಿಳಿಯಿರಿ. ಸತ್ತವರ ಆತ್ಮಕ್ಕಾಗಿ ಪೂಜೆ ನಡೆಸಲು ಹಣವಂತರು ದತ್ತಿ ಬಿಡುತ್ತಿದ್ದರು. 1547ರ ಕಾಯ್ದೆ ಅಂಥ ದತ್ತಿಗಳನ್ನು ರದ್ದು ಮಾಡಿತು. ಪೀಠ ಹೋಯಿತು, ಗೂಡು ಉಳಿಯಿತು.

ಗೋಡೆಯ ಚಿತ್ರಗಳ ಮೇಲೆ ಸುಣ್ಣ ಬಳಿದರು. ಆ ಸುಣ್ಣವೇ ಎಷ್ಟೋ ಚಿತ್ರಗಳನ್ನು ಕಾಪಾಡಿತು. ಸಫೋಕಿನ ವೆನ್‌ಹ್ಯಾಸ್ಟನ್‌ನಲ್ಲಿ 1892ರ ದುರಸ್ತಿಯ ಹೊತ್ತಿಗೆ ಸುಣ್ಣ ಬಳಿದ ಹಳೆಯ ಹಲಗೆಗಳನ್ನು ಅಂಗಳಕ್ಕೆ ಹಾಕಿದರು. ರಾತ್ರಿಯ ಮಳೆಗೆ ಸುಣ್ಣ ತೊಳೆದುಹೋಗಿ ಅಂತಿಮ ತೀರ್ಪಿನ ದೊಡ್ಡ ಚಿತ್ರವೊಂದು ಹೊರಬಂತು. ಯಾರ್ಕ್‌ಶೈರಿನ ಪಿಕರಿಂಗ್‌ನಲ್ಲಿ 1852ರಲ್ಲಿ ಚಿತ್ರಗಳು ಕಂಡಾಗ ಅಲ್ಲಿನ ಪಾದ್ರಿಗೆ ಸರಿಬೀಳದೆ ಮತ್ತೆ ಸುಣ್ಣ ಹೊಡೆಸಿದ. ಈಗ ಅವನ್ನು ಮತ್ತೆ ನೋಡಬಹುದು. ಬಾಗಿಲಿಗೆ ಎದುರಾಗಿ ಉತ್ತರ ಗೋಡೆಯಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ದೈತ್ಯಾಕೃತಿ ಕಂಡರೆ ಅವನು ಸಂತ ಕ್ರಿಸ್ಟೊಫರ್. ಅವನ ಮುಖ ಕಂಡವರಿಗೆ ಆ ದಿನ ದುರ್ಮರಣವಿಲ್ಲವೆಂಬ ನಂಬಿಕೆಯಿತ್ತು. ಚಿತ್ರಗಳನ್ನು ದಯವಿಟ್ಟು ಮುಟ್ಟಬೇಡಿ.

ಜ್ಞಾನಸ್ನಾನದ ತೊಟ್ಟಿ ಹಲವು ಕಡೆ ಕಟ್ಟಡಕ್ಕಿಂತಲೂ ಹಳೆಯದು. ಅದರ ಅಂಚಿನಲ್ಲಿ ಮುರಿದ ಕಬ್ಬಿಣದ ಕೊಂಡಿಯ ಗುರುತಿದೆಯೇ ನೋಡಿ. ಪವಿತ್ರ ನೀರನ್ನು ಮಾಟಕ್ಕೆ ಕದಿಯದಂತೆ ಮುಚ್ಚಳಕ್ಕೆ ಬೀಗ ಹಾಕಬೇಕೆಂದು 1236ರಲ್ಲಿ ಆಜ್ಞೆಯಾಗಿತ್ತು.

ಕೊನೆಗೆ ಗೋಪುರದ ಬುಡದ ಗೋಡೆಗಳಿಗೆ ಟಾರ್ಚನ್ನು ಪಕ್ಕದಿಂದ, ಗೋಡೆಗೆ ಒರಗಿಸಿದಂತೆ ಹಿಡಿಯಿರಿ. ಎದುರಿನಿಂದ ಕಾಣದ ಗೀರುಗಳು ಆಗ ಎದ್ದು ಬರುತ್ತವೆ. ಹರ್ಟ್‌ಫರ್ಡ್‌ಶೈರಿನ ಆಶ್‌ವೆಲ್‌ನಲ್ಲಿ ಪ್ಲೇಗು ಕಂಡ ಒಬ್ಬರು ಲ್ಯಾಟಿನ್ನಿನಲ್ಲಿ ಕಲ್ಲಿಗೆ ಕೊರೆದಿಟ್ಟಿದ್ದಾರೆ: 1350ರಲ್ಲಿ ಸಾಕ್ಷಿ ಹೇಳಲು ಉಳಿದದ್ದು ಜನರಲ್ಲಿ ಕೀಳಾದ ಪಾಲು ಮಾತ್ರ ಎಂಬ ಅರ್ಥದ ಸಾಲು. ಅದರ ಜೊತೆಗೆ 1361ರ ಭೀಕರ ಬಿರುಗಾಳಿಯ ನೆನಪೂ ಇದೆ. ನೂರು ಕೆತ್ತನೆಗಳಿಗಿಂತ ಆ ಒರಟು ಅಕ್ಷರಗಳು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತವೆ.

ಏಳನೇ ಹೆಜ್ಜೆ: ತಲೆಯೆತ್ತಿ

ದುರ್ಬೀನು ಬೇಕಾಗುವುದು ಇಲ್ಲಿ. ಪೂರ್ವ ಇಂಗ್ಲೆಂಡಿನ 15ನೇ ಶತಮಾನದ ಮರದ ಚಾವಣಿಗಳಲ್ಲಿ ರೆಕ್ಕೆ ಬಿಚ್ಚಿದ ದೇವದೂತರು ತೊಲೆಗಳ ತುದಿಯಲ್ಲಿ ಕುಳಿತಿರುತ್ತಾರೆ. ಕೇಂಬ್ರಿಡ್ಜ್‌ಶೈರಿನ ಮಾರ್ಚ್ ಎಂಬ ಊರಿನಲ್ಲಿ ಅವರ ಸಂಖ್ಯೆ ನೂರು ದಾಟುತ್ತದೆ. ಸಫೋಕಿನ ಬ್ಲೈತ್‌ಬರೋ ಚಾವಣಿಯಲ್ಲಿ ಸೀಸದ ಗುಂಡುಗಳು ನಾಟಿವೆ. 1644ರಲ್ಲಿ ವಿಗ್ರಹಭಂಜಕ ವಿಲಿಯಂ ಡೌಸಿಂಗ್‌ನ ಜನ ಹೊಡೆದದ್ದೆಂದು ಬಹುಕಾಲ ಹೇಳುತ್ತಿದ್ದರು. ಆದರೆ 18ನೇ ಶತಮಾನದಲ್ಲಿ ಚರ್ಚಿನೊಳಗೆ ಸೇರಿಕೊಂಡ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಹಣ ಕೊಟ್ಟ ದಾಖಲೆಯಿದೆ, ಗುಂಡುಗಳು ಆ ಕಾಲಕ್ಕೇ ಹೊಂದುತ್ತವೆ. ಸ್ಥಳೀಯರು ಹೇಳುವ ಕಥೆಯನ್ನು ಸಂತೋಷದಿಂದ ಕೇಳಿ, ಆಮೇಲೆ ಕಲ್ಲು ಮರಗಳನ್ನೂ ವಿಚಾರಿಸಿ.

ವಿಕ್ಟೋರಿಯಾ ಕಾಲದವರ ಕೈವಾಡ

19ನೇ ಶತಮಾನದಲ್ಲಿ ಇಂಗ್ಲೆಂಡಿನ ಬಹುಪಾಲು ಹಳೆಯ ಚರ್ಚುಗಳು ‘ಜೀರ್ಣೋದ್ಧಾರ’ಕ್ಕೆ ಒಳಗಾದವು. ಗಾರೆ ಕೆರೆದು ಕಲ್ಲು ಬತ್ತಲು ಮಾಡಿದರು, ನೆಲಕ್ಕೆ ಹೊಳಪಿನ ಹೆಂಚು ಹಾಸಿದರು, ತಮಗಿಷ್ಟವಾದ ಶೈಲಿಯಲ್ಲಿ ಹೊಸ ಕಿಟಕಿ ಕೂರಿಸಿದರು. ಇದನ್ನು ತಡೆಯಲೆಂದೇ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಯ ಸಂಘ ಕಟ್ಟಿದರು. ಕೆತ್ತನೆಯ ಅಂಚುಗಳೆಲ್ಲ ಚಾಕುವಿನಷ್ಟು ಚೂಪಾಗಿ, ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಅನುಮಾನಪಡಿ. ಆದರೆ ಅವರನ್ನು ಪೂರ್ತಿ ಬೈಯುವುದೂ ನ್ಯಾಯವಲ್ಲ. ಅವರು ಚಾವಣಿ ರಿಪೇರಿ ಮಾಡಿಸದಿದ್ದರೆ ಇಂದು ಎಷ್ಟೋ ಕಡೆ ಗೋಡೆಯೂ ಉಳಿಯುತ್ತಿರಲಿಲ್ಲ.

ಮೊದಲ ದಿನ ಎಲ್ಲಿಗೆ?

ಸಫೋಕಿನ ಲ್ಯಾವೆನ್‌ಹ್ಯಾಮ್‌ನಿಂದ ಶುರು ಮಾಡಿ. 141 ಅಡಿ ಎತ್ತರದ ಗೋಪುರದ ಮೇಲೆ ಉಣ್ಣೆಬಟ್ಟೆಯ ವ್ಯಾಪಾರಿ ಥಾಮಸ್ ಸ್ಪ್ರಿಂಗ್ ಮನೆತನದ ಲಾಂಛನವೂ ಆಕ್ಸ್‌ಫರ್ಡ್‌ನ ಅರ್ಲ್ ಮನೆತನದ ನಕ್ಷತ್ರವೂ ಇವೆ. ಉಣ್ಣೆಯ ಹಣ ಕಲ್ಲಾದ ಬಗೆಯನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿಂದ ಸುಮಾರು 5 ಮೈಲಿ ದೂರದ ಲಾಂಗ್ ಮೆಲ್ಫರ್ಡ್‌ಗೆ ಮಧ್ಯಾಹ್ನ ಹೋಗಿ. ಹೊರಗೋಡೆಯ ಮೇಲೆ ಸುತ್ತಲೂ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೂರಿಸಿದ್ದಾರೆ, ತಮಗಾಗಿ ಪ್ರಾರ್ಥಿಸಿ ಎಂಬ ಕೋರಿಕೆಯ ಸಮೇತ. ಅದನ್ನು ಓದುತ್ತ ಒಂದು ಸುತ್ತು ಬಂದ ಮೇಲೆ ಗೋಪುರದ ಮುಂದೆ ನಿಂತು, ಅದು ಉಳಿದ ಕಟ್ಟಡದ ಕಾಲದ್ದೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹಳೆಯ ಗೋಪುರ 18ನೇ ಶತಮಾನದ ಆರಂಭದಲ್ಲಿ ಸಿಡಿಲಿಗೆ ಹಾಳಾಯಿತು. ಈಗಿರುವುದು ಮುಗಿದದ್ದು 1903ರಲ್ಲಿ.